ಅವ್ವ ಹೊಳಿ ದಾಟಿದ ದಸರಾ ಸೂಟಿ

ಈ ಶ್ರಾವಣದಾಗೂ ಹೊಳಿ ಬಂತು. ಮೇಲವಂಕಿ ಊರಾಗ ನಮ್ಮ ಓಣಿಯ ಕಡೀ ಮನಿ ನಮ್ದು, ಅದರ ಕೆಳಗ ಘಟಪ್ರಭಾ. ನೀರು ಏರಾಕತ್ತಿದ್ದು ಮೊದಲ ಕಣ್ಣಿಗೆ ಕಾಣೂದಿಲ್ಲ, ಮೂಗಿಗೆ ಬಡೀತೈತಿ. ಕೊಳತ ಎಲಿ, ಹಸಿ ಮಣ್ಣು, ಎಲ್ಲೋ ಮ್ಯಾಲಿನ ಕಾಡಿನಿಂದ ಕಿತಗೊಂಡು ಬಂದ ಬೇರು, ಎಲ್ಲಾ ಕೂಡಿದ ಒಂದು ವಾಸನಿ. ಬಾಜೂ ಮನಿಯವರು ಜೋಳದ ಚೀಲ ಟ್ರ್ಯಾಕ್ಟರಿಗೆ ಏರಸಾಕತ್ತಿದ್ರು. ನಾನು ಕಾಗದಪತ್ರ, ಗ್ಯಾಸ್ ಸಿಲಿಂಡರ್ ಅಂತ ಒಳಗೂ ಹೊರಗೂ ಓಡ್ಯಾಡಾಕತ್ತಿದ್ದೆ. ನಮ್ಮವ್ವ ಮಾತ್ರ ಕಟ್ಟಿ ಮ್ಯಾಲ ಕುಂತು, ಅಂಗೈಯಾಗ ತಂಬಾಕಕ್ಕ ಸುಣ್ಣಾ ಹಾಕಿ ತಿಕ್ಕೋತ, ನೀರಿನ ಕಡೆ ನೋಡಾಕತ್ತಿದ್ಲು. ಆ ಹಸಿ ಎಲಿ ವಾಸನಿ, ಈ ಸುಣ್ಣಾ ತಂಬಾಕದ ವಾಸನಿ ಎರಡೂ ಕೂಡಿದ ಕೂಡಲೇ ನನಗ ಮೂರು ವರ್ಷದ ಹಿಂದಿನ ದಸರಾ ಸೂಟಿ ನೆನಪಾತು.

ಅದಕ್ಕೂ ಮೂರು ವರ್ಷ ಮೊದಲ ಇದ ಹೊಳಿ ನಮ್ಮ ಮನಿ ಒಯ್ದಿತ್ತು. ಮನಿ ಅಂದ್ರ ಅರಮನಿ ಏನಲ್ಲ, ಎರಡು ಖೋಲಿ, ಮ್ಯಾಲ ತಗಡು. ಆದ್ರ ಅದರ ಒಂದೊಂದು ಕಲ್ಲೂ ಅವ್ವ ಮಂದಿ ಹೊಲದಾಗ ಕಸಾ ತಗದು ಗಳಿಸಿದ್ದು. ನಾನು ಆರನೇ ಕ್ಲಾಸಿನ್ಯಾಗ ಇದ್ದಾಗನ ಅಪ್ಪ ತೀರಿಕೊಂಡಿದ್ದ. ಕಬ್ಬು, ಅರಿಷಿಣ, ಉಳ್ಳಾಗಡ್ಡಿ, ಯಾರ ಹೊಲಾನ ಇರ್ಲಿ, ಕಸಾ ಕೀಳೋ ಕುರ್ಪಿ ಹಿಡಕೊಂಡು ಕುಂತಳಂದ್ರ ಅಕಿ ಸಾಲು ಎಲ್ಲಾರಕಿಂತ ಮೊದಲ ಬದುವಿಗೆ ಮುಟ್ಟತಿತ್ತು. ಅಂಥ ಮನಿ ಒಂದ ಹಗಲಿನ್ಯಾಗ ಕುಸೀತು. ಒಂದ ಗ್ವಾಡಿ ಉಳದಿತ್ತು, ಅದರ ಮೊಳಿಗೆ ಬುದ್ಧನ ಫೋಟೊ ಹಂಗ ಇತ್ತು. ನಾವು ಊರ ಸಾಲ್ಯಾಗ ಇಪ್ಪತ್ತ ದಿನಾ ಮಂದಿ ಜೋಡಿ ಉಂಡು, ಮಂದಿ ಜೋಡಿ ಮಲಗಿದ್ವಿ. ನೀರು ಇಳದ ಮ್ಯಾಲ ಹೆಣ್ಣಮಕ್ಕಳೆಲ್ಲಾ ಕೂಡಿ, ಹೊಳೆವ್ವನ ಸಿಟ್ಟು ಇಳೀಲಿ ಅಂತ ಉಡಿ ತುಂಬಾಕ ಹೊಂಟ್ರು. ಅವ್ವ ಹೋಗಲಿಲ್ಲ. ನಾ ಏನ್ ತಪ್ಪ ಮಾಡೇನಿ ಅಂತ ಅದರ ಸಿಟ್ಟ ಇಳಸಲಿ, ಸಿಟ್ಟ ಬರಬೇಕಾದ್ದು ನನಗ, ಅಂದ್ಲು.

ಆವತ್ತ ಸಂಜಿಮುಂದ ನನ್ನ ಕೇಳಿದ್ಲು, ಈ ಹೊಳಿ ಎಲ್ಲಿ ಹುಟ್ಟತೈತಿ ಅಂತ. ನಾನು ಕಲ್ಲೋಳಿ ಹೈಸ್ಕೂಲಿನ್ಯಾಗ ವಿಜ್ಞಾನ ಟೀಚರಮ್ಮ. ಪಾಠ ಒಪ್ಪಿಸಿದಂಗ ಹೇಳಿದೆ, ಸಹ್ಯಾದ್ರಿ ಘಟ್ಟದಾಗ, ಮಳಿಕಾಡಿನ ಒಳಗ, ಅಂತ. ಅಲ್ಲಿ ಎಷ್ಟ ಅಗಲ ಇರ್ತೈತಿ ಅಂದ್ಲು. ಒಂದ ಹೆಜ್ಜಿ ಇರಬೇಕು ಅಂದೆ.

"ಇರಬೇಕು ಅಂದ್ರ? ನೀ ನೋಡಿಲ್ಲ?"

ಹನ್ನೊಂದು ವರ್ಷ ಹುಡುಗರಿಗೆ ಮಳಿಕಾಡಿನ ಪಾಠ ಮಾಡೇನಿ, ಬೋರ್ಡಿನ ಮ್ಯಾಲ ಅದರ ನಾಕೂ ಅಂತಸ್ತು ಬಣ್ಣದ ಸೀಮೆಸುಣ್ಣದಾಗ ಬರದೇನಿ, ಒಂದ ಸಲನೂ ಕಣ್ಣಾರೆ ನೋಡಿದ್ದಿಲ್ಲ. ಇಲ್ಲ ಅಂದೆ. ಅವ್ವ ಅಂದ್ಲು, "ಹಂಗಾದ್ರ ನೋಡಬೇಕು. ನಾ ಅದನ್ನ ಒಂದ ಸಲ ದಾಟಬೇಕು." ಆ ಮಾತು ಅಕಿ ಮತ್ತ ಎತ್ತಲಿಲ್ಲ, ಮರೀಲೂ ಇಲ್ಲ. ಹೊಸ ಮನಿ ಪಾಯಾ ಹಾಕೂ ಮುಂದ, ಗ್ವಾಡಿ ಏರಸೂ ಮುಂದ, ನಡುವ ಎದ್ದು ಹೊಳಿ ಕಡೆ ನೋಡಿ ಬರತಿದ್ಲು. ಜಾಗಾ ಬದಲ ಮಾಡೂಣು ಅಂದ್ರ ಕೇಳಲಿಲ್ಲ. ಮೊದಲಿನ ಜಾಗಾದಾಗ, ಎರಡು ಮೊಳ ಎತ್ತರಕ್ಕ, ಮತ್ತ ಕಟ್ಟಿಸಿದ್ಲು.

ಗೋಕಾಕದಾಗ ಆಟದ ಸಾಮಾನು ಮಾರೋ ಕಿರಣ ಸರ್ ವರ್ಷಾ ದಸರಾ ಸೂಟ್ಯಾಗ ಮಂದೀನ ಕಾಡಿಗೆ ಕರಕೊಂಡ ಹೋಗ್ತಾರ. ಆ ವರ್ಷ ಮೊಬೈಲಿಗೆ ಬಂದ ಅವರ ಜಾಹೀರಾತು ನೋಡಿ ನಾನು ಎರಡು ಸಲ ಓದಿದೆ. ಎರಡು ದಿನ, ಘಟ್ಟದ ಮಳಿಕಾಡು, ಪ್ರಾಣಿ ಪಕ್ಷಿ ವೀಕ್ಷಣೆ, ಕಡೀಕ ಘಟಪ್ರಭಾಕ್ಕ ಸೇರೋ ಒಂದು ಒರತಿ ಹುಟ್ಟೋ ಜಾಗಾದ ತನಕ ನಡಿಗಿ. ಅಂಗಡಿಗೆ ಹೋಗಿ ಎರಡು ಹೆಸರು ಬರಸಿದೆ. ಅವ್ವನ ವಯಸ್ಸು ಅರವತ್ತೊಂದು ಅಂತ ನೋಡಿದ ಕೂಡಲೇ ಅವರು ಪೆನ್ನು ಕೆಳಗಿಟ್ರು. ಐವತ್ತೈದರ ಮ್ಯಾಲಿನವರಿಗೆ ಇಲ್ಲ, ಸೀರಿ ಉಟಗೊಂಡ ನಡಿಯಾಕ ಆಗೂದಿಲ್ಲ, ಅಜ್ಜಿಗೆ ಏನರ ಆದ್ರ ಹೊಣಿ ಯಾರು, ಅಂತ ಹೇಳಿದ್ರು. ನನಗ ಸಿಟ್ಟು ನೆತ್ತಿಗೇರಿತು. ನೀವು ನಿಮ್ಮ ಜನ್ಮದಾಗ ಒಂದರ ಕಬ್ಬಿನ ಸೂಡು ಹೊತ್ತೀರೇನ್ರಿ, ನಮ್ಮವ್ವ ದಿನಕ್ಕ ಎಷ್ಟ ಹೊರ್ತಾಳ ಗೊತ್ತೈತೇನು, ಅಂತ ಅಂಗಡಿ ತುಂಬ ಮಂದಿ ಮುಂದ ಒದರಿದೆ. ಕಡೀಕ ಒಪ್ಪಿದ್ರು, ಒಂದು ಷರತ್ತಿನ ಮ್ಯಾಲ. ಎಲ್ಲೇ ತ್ರಾಸ ಆದ್ರೂ ಇಬ್ಬರನ್ನೂ ಮೊದಲಿನ ಜೀಪಿನಾಗ ವಾಪಸ್ ಕಳಸ್ತೇನಿ, ತಕರಾರು ಮಾಡಬಾರದು. ನಾ ಸಹಿ ಮಾಡಿದೆ.

ಹೊಂಡೋ ದಿನ ಅವ್ವ ಕಚ್ಚಿ ಹಾಕಿ ಸೀರಿ ಉಟ್ಟು, ಸಂತ್ಯಾಗ ತಂದ ಕ್ಯಾನ್ವಾಸ್ ಬೂಟು ಹಾಕ್ಕೊಂಡು, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಕರದಂಟು ಕಟಗೊಂಡು ಟೆಂಪೋ ಏರಿದ್ಲು. ಚೀಲದ ತಳದಾಗ ಕುರ್ಪಿನೂ ಇತ್ತು. ಅದು ಯಾಕ ಅಂದ್ರ, ಇರ್ಲಿ ಅಂದ್ಲು. ಕುರ್ಪಿ ಇಲ್ದ ಅಕಿ ಬೀಗರ ಮನಿಗೂ ಹೋದಾಕಿ ಅಲ್ಲ. ಹುಕ್ಕೇರಿ ಸ್ಟ್ಯಾಂಡಿನಾಗ ಭಾರತಿ ಮೇಡಂ ಹತ್ತಿದ್ರು, ಬ್ಯಾಂಕಿನ್ಯಾಗ ಕೆಲಸ, ಮೈಯಾಗ ಸ್ವಲ್ಪ ಭಾರ, ಮಾತು ಭಾಳ ಛಲೋ. ಅವ್ವನ ತವರು ಹುಕ್ಕೇರಿ ಕಡೇದು. ಸಂಕೇಶ್ವರ ದಾಟೂ ತನಕ ಕಿಡಕಿಯಾಗ ಕೈ ತೋರಿಸಿ, ಅದ ಹೊಲದಾಗ ನಾ ಸಣ್ಣಾಕಿದ್ದಾಗ ತಂಬಾಕದ ಅಗಿ ಹಚ್ಚತಿದ್ದೆ, ಮಳ್ಯಾಗ ನಡಾ ಬಗ್ಗಿಸಿ ಸಂಜಿತನಕ, ಅಂತ ಭಾರತಿ ಮೇಡಮ್ಮಗ ಹೇಳಿದ್ದೇ ಹೇಳಿದ್ದು. ಅಗಿ ಅಂದ್ರ ಮಡಿಯಿಂದ ಕಿತ್ತು ಹೊಲಕ್ಕ ಹಚ್ಚೋ ಎಳೇ ಸಸಿ.

ಘಟ್ಟ ಏರಿದ ಕೂಡಲೇ ಬಿಸಿಲು ಹೋತು. ಮಂಜು ಅನ್ನೂದು ಗಿಡದಿಂದ ಗಿಡಕ್ಕ ಹರದಾಡಾಕತ್ತಿತ್ತು, ಮಳಿ ನಿಂತ್ರೂ ಎಲಿ ಮ್ಯಾಲಿನ ನೀರು ಬೀಳೂದು ನಿಲ್ಲತಿರಲಿಲ್ಲ. ನಾ ಬೋರ್ಡಿನ ಮ್ಯಾಲ ಬರದ ನಾಕು ಅಂತಸ್ತು ಅಲ್ಲಿ ಎಲ್ಲೂ ಕಾಣಲಿಲ್ಲ. ಎಲ್ಲಾ ಒಂದರ ಮ್ಯಾಲ ಒಂದು ಬಿದ್ದು, ತೆಕ್ಕಿ ಹಾದು, ಬಳ್ಳಿ ಯಾವುದು ಬೇರು ಯಾವುದು ತಿಳೀದಂಗ ಇತ್ತು. ನನಗ ನಾಚಿಕಿ ಬಂತು, ಖುಷಿನೂ ಆತು. ಅಲ್ಲಿ ನಮಗ ದಾರಿ ತೋರಸಾಂವ ವಿಠೂ ಮಾಮಾ, ಕಾಡಿನ ಅಂಚಿನ ಹಳ್ಳ್ಯಾಂವ, ನಾವು ಇಳಕೊಂಡ ವಸತಿಗೃಹಾನೂ ನೋಡಿಕೊಳ್ಳತಿದ್ದ. ಮರಾಠಿನ ಜಾಸ್ತಿ, ನಡುವ ನಮ್ಮಂಥ ಕನ್ನಡ. ಅಂವ ಅವ್ವನ ಬೂಟು ನೋಡಿ, ಜಿಗಳಿ ಹತ್ತತಾವ ಅಕ್ಕಾ ಅಂದ. ಅವ್ವ ಸುಣ್ಣಾ ತಂಬಾಕ ನೀರಾಗ ಕಲಿಸಿ ಹಿಮ್ಮಡದಿಂದ ಮೊಣಕಾಲ ತನಕ ಬಳಕೊಂಡಿದ್ದು ತೋರಿಸಿದ್ಲು. ಅಂವ ನಕ್ಕು, ತಾನೂ ಪ್ಯಾಂಟು ಎತ್ತಿ ಅದನ್ನ ತೋರಿಸಿದ. ಕಿರಣ ಸರ್ ಕಾಲಿಗೆ ಪೇಟೆಯಿಂದ ತಂದ ಉದ್ದನ ಕಾಲುಚೀಲ ಹಾಕ್ಕೊಂಡಿದ್ರು, ಆದ್ರೂ ಸಂಜಿಮಟ ಜಿಗಳಿ ಕಿತ್ತಿದ್ದ ಕಿತ್ತಿದ್ದು.

ಮೊದಲ ದಿನದ ನಡಿಗ್ಯಾಗನ ಅವ್ವಗೂ ಕಿರಣ ಸರ್‌ಗೂ ಸಣ್ಣಗ ತಿಕ್ಕಾಟ ಚಾಲೂ ಆತು. ಕೆಂಜಳಿಲು ಒಂದು ತಲಿ ಮ್ಯಾಲಿನ ಕೊಂಬಿಯಿಂದ ಇನ್ನೊಂದಕ್ಕ ಹಾರಿದ್ದು ನೋಡಿದ್ದ ತಡ, ಅವರು ಕ್ಯಾಮೆರಾ ಹಿಡಕೊಂಡು ಮುಂದ ಓಡಿದ್ರು, ಹರೇದವರೆಲ್ಲಾ ಬೆನ್ನ ಹತ್ತಿದ್ರು, ಭಾರತಿ ಮೇಡಂ ಒಬ್ಬರ ಹಿಂದ ಉಳದ್ರು. ಹೊಲದಾಗ ಕಸಾ ತಗಿಯೋ ಹೆಣ್ಣಮಕ್ಕಳಿಗೆ ಒಂದು ರೀತಿ ಐತಿ. ತನ್ನ ಸಾಲು ಮುಗಿಸಿ ಬದುವಿಗೆ ಮುಟ್ಟಿದಾಕಿ ಕುಂತು ಎಲಿ ಅಡಿಕಿ ಹಾಕ್ಕೊಳ್ಳೂದಿಲ್ಲ. ತಿರಗಿ, ಹಿಂದ ಉಳದಾಕಿ ಸಾಲಿಗೆ ಎದರ ಬಂದು, ಅರ್ಧಾ ತಾ ತಗೀತಾಳ. ಎಲ್ಲಾರೂ ಕೂಡಿನ ಬದು ಏರಬೇಕು. ಅವ್ವ ಮುಂದಿನವರ ಜೋಡಿ ಇದ್ದಾಕಿ ತಿರಗಿ ಹೋಗಿ, ಭಾರತಿ ಮೇಡಮ್ಮಿನ ಚೀಲ ತಾ ಹೊತಗೊಂಡು, ಅವರ ಹೆಜ್ಜಿಗೆ ಹೆಜ್ಜಿ ಹಾಕ್ಕೋತ ಬಂದ್ಲು. ಅಜ್ಜಿಯಿಂದ ಎಲ್ಲಾರಿಗೂ ತಡಾ ಆಗಾಕತ್ತೈತಿ ಅಂದ್ರು ಕಿರಣ ಸರ್. ತಡಾ ಆಗಿದ್ದು ಮೇಡಮ್ಮಿಗೆ, ಅವ್ವಗಲ್ಲ ಅಂತ ನಾ ಬಾಯಿ ತಗಿಯಾಕ ಹೋದೆ, ಅವ್ವ ಕಣ್ಣಿಲೇ ಸುಮ್ಮ ಇರು ಅಂದ್ಲು.

ಮರದಿನ ಮುಂಜಾನಿ ನಾ ಏಳೂ ಹೊತ್ತಿಗೆ ಅವ್ವ ಹಾಸಿಗ್ಯಾಗ ಇರಲಿಲ್ಲ. ಯಾರ ಮನ್ಯಾಗ ಉಂಡ್ರೂ ಒಂದೀಟು ಕೆಲಸಾ ಮಾಡಿಕೊಟ್ಟು ಏಳೂದು ಅಕಿ ರೂಢಿ. ವಸತಿಗೃಹದ ಹಿಂದ ಹಳೇ ದೊಡ್ಡ ಗಿಡ ಒಂದು ಬಿದ್ದು ತೆರವಾದ ಜಾಗಾ ಇತ್ತು. ಅಲ್ಲಿ ಮಂಜಿನೊಳಗ ಕುಕ್ಕರಗಾಲಿಲೇ ಕುಂತು, ಕುರ್ಪಿಲೇ ಆ ಜಾಗಾ ಅಂಗೈಯಂಗ ಸ್ವಚ್ಛ ಮಾಡಿದ್ಲು. ಕಿತ್ತದ್ದನ್ನೆಲ್ಲಾ ಬೇರು ಮ್ಯಾಲ ಮಾಡಿ, ಹೊಲದಾಗ ಒಣಗಾಕ ಹಾಕಿದಂಗ ಗುಂಪಿ ಗುಂಪಿ ಹಾಕಿದ್ಲು. ನನ್ನ ನೋಡಿ, ಪಾಪ ವಿಠೂ ಒಬ್ಬಾಂವ, ಎಷ್ಟ ಕಸಾ ಬೆಳದೈತಿ ನೋಡು, ಅಂದ್ಲು. ಅಷ್ಟರಾಗ ವಿಠೂ ಮಾಮಾ ಚಾದ ಕಿಟ್ಲಿ ಹಿಡಕೊಂಡು ಬಂದ. ಬಂದಾಂವ ನಿಂತಲ್ಲೇ ನಿಂತ. ಕಿಟ್ಲಿ ಕೆಳಗಿಟ್ಟು, ಒಂದು ಗುಂಪಿ ಮುಂದ ಕುಂತು, ಒಂದ ಸಸಿ ಎತ್ತಿ ಅಂಗೈ ಮ್ಯಾಲ ಇಟಗೊಂಡ.

ಅದು ಕಸಾ ಅಲ್ಲ. ಮಂಗಟ್ಟೆ ಹಕ್ಕಿ ಅಂತ ದೊಡ್ಡ ಕೊಕ್ಕಿನ ಹಕ್ಕಿ ಐತೆಲ್ಲಾ, ಅದು ತಿಂದು ಉಗುಳಿದ ಬೀಜ, ಅದರ ಗೂಡಿನ ಗಿಡದ ಬುಡದಾಗ ಆರಿಸಿ, ಎರಡು ಮಳಿಗಾಲ ಬೆಳಸಿ, ಬಿದ್ದ ಗಿಡದ ಜಾಗಾದಾಗ ಅಂವ ತಾನ ಹಚ್ಚಿದ ಕಾಡುಗಿಡದ ಸಸಿ. ಬೇಲಿ ಇಲ್ಲ, ಹೆಸರ ಬರದ ಪಾಟಿ ಇಲ್ಲ, ಕಾಡಿನೊಳಗ ಕಾಡಿಗೆ ಯಾರು ಬೇಲಿ ಹಾಕ್ತಾರ. ಅದನ್ನ ಅಂವ ಸಿಟ್ಟಿಲೇ ಹೇಳಿದ್ರ ಛಲೋ ಇತ್ತು. ಭಾಳ ಸಣ್ಣ ದನ್ಯಾಗ ಹೇಳಿದ. ಅವ್ವನ ಕೈಯಾಗಿನ ಕುರ್ಪಿ ಹಂಗ ಕೆಳಗ ಬಿತ್ತು. ಅಕಿ ಮಾರಿ ಅಷ್ಟು ಸಣ್ಣದಾಗಿದ್ದು ಮನಿ ಬಿದ್ದ ದಿನಾನೂ ನಾ ನೋಡಿದ್ದಿಲ್ಲ.

ಅಷ್ಟರಾಗ ಚಾಕ್ಕಂತ ಎಲ್ಲಾರೂ ಬಂದ್ರು. ಕಿರಣ ಸರ್‌ಗೆ ನಾ ಸಹಿ ಮಾಡಿದ ಷರತ್ತು ನೆನಪಿತ್ತು. ಹತ್ತಕ್ಕ ಜೀಪ್ ಬರ್ತೈತಿ, ಇಬ್ಬರೂ ಇಳೀರಿ, ಅಂದ್ರು. ಅಷ್ಟಕ್ಕ ಬಿಟ್ಟಿದ್ರ ನಾ ತಲಿ ತಗ್ಗಿಸಿ ಇಳೀತಿದ್ದೆ, ತಪ್ಪು ನಮ್ದ ಇತ್ತು. ಆದ್ರ ಅವರು ಉಳದವರ ಕಡೆ ತಿರಗಿ ಇನ್ನೊಂದು ಮಾತಂದ್ರು, "ಇದಕ್ಕ ಇಂಥಾವರನ್ನ ಕಾಡಿಗೆ ಕರಕೊಂಡ ಬರಬಾರದು."

"ಇಂಥಾವರು ಅಂದ್ರ ಎಂಥಾವರ್ರಿ?" ಅಂದೆ. ಅವರು ಕ್ಯಾಮೆರಾದ ಪಟ್ಟಿ ಸರಿ ಮಾಡಿಕೊಂಡ್ರು. ನಾ ಎರಡನೇ ಸಲ ಕೇಳಿದೆ. ಹೊಲದಾಗ ದುಡಿಯಾವರೋ, ಸೀರಿ ಉಟ್ಟಾವರೋ, ನಮ್ಮ ಓಣ್ಯಾವರೋ, ಯಾರು ಅಂತ ಒಂದ ಸಲ ಬಾಯಿಬಿಟ್ಟು ಹೇಳಿಬಿಡ್ರಿ, ನಾ ಕೇಳಿಕೊಂಡ ಹೊಕ್ಕೇನಿ, ಅಂದೆ. ಎಲ್ಲಾರೂ ತಮ್ಮ ತಮ್ಮ ಬೂಟು ನೋಡಾಕತ್ತಿದ್ರು. ನನ್ನ ಕಣ್ಣಾಗ ನೀರು ಬಂದಿತ್ತು, ಆದ್ರೂ ನಾ ಜಾಗಾ ಬಿಟ್ಟು ಸರೀಲಿಲ್ಲ.

ಅವ್ವ ನನ್ನ ರಟ್ಟಿ ಹಿಡದು ಹಿಂದ ಸರಿಸಿದ್ಲು. ಕಿರಣ ಸರ್ ಕಡೆ ಅಕಿ ನೋಡಲೇ ಇಲ್ಲ. ವಿಠೂ ಮಾಮಾನ ಎದರ ಕುಂತು, ಅವನ ಭಾಷಾದಾಗ ಅರ್ಧಾ, ನಮ್ಮದ್ರಾಗ ಅರ್ಧಾ ಹೇಳಿದ್ಲು, "ಅಣ್ಣಾ, ಕಿತ್ತಾಕಿ ನಾನ. ಹಚ್ಚಿ ಕೊಡಾಕಿನೂ ನಾನ. ಒಂದ ಮುಂಜಾನಿ ಕೊಡು. ಆದ್ರ ಒಂದ ಮಾತು ಹೇಳ್ತೇನಿ, ನಾ ಆ ಹೊಳಿ ದಾಟದ ಈ ಕಾಡ ಇಳಿಯಾಕಿ ಅಲ್ಲ."

ವಿಠೂ ಮಾಮಾ ಹೋಗಿ ನೀರಿನ ಕೊಡ ತಂದಿಟ್ಟ. ಕಿರಣ ಸರ್ ಗಡಿಯಾರ ನೋಡಿ, ನಿಮ್ಮ ಹಣಿಬಾರ ಅಂದು, ಫೋನಿನ್ಯಾಗಿನ ನಕಾಶಾ ಹಿಡಕೊಂಡು ಉಳದವರನ್ನ ಕರಕೊಂಡು ಒರತಿ ಕಡೆ ಹೊಂಟ್ರು. ಭಾರತಿ ಮೇಡಂ ಮಾತ್ರ ಹೋಗಲಿಲ್ಲ. ನಿನ್ನೆ ನನ್ನ ಚೀಲ ಹೊತ್ತಾಕೀನ ಇವತ್ತ ಬಿಟ್ಟು ಹೋಗೂದು ಸರಿ ಅಲ್ಲ, ಅಂತ ಚೂಡಿದಾರದ ತೋಳು ಏರಿಸಿದ್ರು.

ತಂಬಾಕದ ಅಗಿ ಹಚ್ಚಿದ ಕೈ ಅದು, ಐವತ್ತು ವರ್ಷ ಆದ್ರೂ ಮರ್ತಿರಲಿಲ್ಲ. ಪುಣ್ಯಾಕ್ಕ ಬಿಸಿಲು ಬಿದ್ದಿರಲಿಲ್ಲ, ಬೇರು ಇನ್ನೂ ಹಸಿ ಇದ್ವು. ಅವ್ವ ದೊಡ್ಡ ಎಲಿ ಅರ್ಧಾ ಚಿವುಟಿದ್ಲು, ಇಲ್ಲಂದ್ರ ಸಸಿ ಬಾಡತೈತಿ ಅಂತ. ಗೂಟದಿಂದ ತೂತು ಮಾಡಿ, ಬೇರು ಮಡಚದಂಗ ಇಳಿಸಿ, ಅಂಗೈ ಹಿಮ್ಮಡಿಲೇ ಮಣ್ಣು ಒತ್ತಿ, ಸುತ್ತ ಕೊಳತ ಎಲಿ ಮುಚ್ಚಿದ್ಲು. ನಾನೂ ಭಾರತಿ ಮೇಡಮ್ಮೂ ನೀರು ಹಾಕಿದ್ವಿ. ಹತ್ತಿಪ್ಪತ್ತು ಸಸಿ ಆಗೂ ತನಕ ವಿಠೂ ಮಾಮಾ ನಿಂತ ನೋಡಿದ. ಆಮ್ಯಾಲ ಬಂದು ಆ ಕಡಿ ತುದಿಯಿಂದ ತಾನೂ ಹಚ್ಚಾಕ ಕುಂತ. ಅಕಿಗೆ ಎದರ ಬರಾಕತ್ತಿದ್ದ. ಹೊಲದ ರೀತಿ ಅವಗ ಯಾರೂ ಹೇಳಿರಲಿಲ್ಲ. ನಡುವ ಇಬ್ಬರೂ ಕೂಡಿದಾಗ ಮೂವತ್ತೆಂಟು ಸಸಿ ನಿಂತಿದ್ವು, ಜೀಪು ಬಂದು ಖಾಲಿ ಹೋಗಿತ್ತು. ಅಂವ ಕೈ ತೊಳಕೊಂಡು ಅವ್ವನ ರೊಟ್ಟ್ಯಾಗ ಅರ್ಧಾ ಮುರಕೊಂಡು ತಿಂದು, ಚಲಾ ಅಂದ.

ನಾಕು ಮಂದಿ ಹೊಂಟ್ವಿ, ಯಾರೂ ಯಾರ ಮುಂದ ಓಡಲಿಲ್ಲ. ಅರ್ಧಾ ದಾರ್ಯಾಗ ತಲಿ ಮ್ಯಾಲ, ದೊಡ್ಡ ಮೊರದಾಗ ಯಾರೋ ಜೋಳ ಕೇರಿದಂಗ ಸಪ್ಪಳ ಆತು. ವಿಠೂ ಮಾಮಾ ಅವ್ವನ ಹೆಗಲಿಗೆ ಕೈ ಹಚ್ಚಿ ನಿಲ್ಲಿಸಿ ಮ್ಯಾಲ ತೋರಿಸಿದ. ಮಂಗಟ್ಟೆ ಹಕ್ಕಿ ಜೋಡಿ, ಹಳದಿ ಕೊಕ್ಕು, ಕರೀ ಬಿಳೀ ರೆಕ್ಕಿ, ಎಲಿ ಸಂದ್ಯಾಗ ಹಾದು ಹೋದ್ವು. ಅವ್ವ ಕೈ ಮುಗೀಲಿಲ್ಲ. ತಪ್ಪಾತು, ಮತ್ತ ಹಚ್ಚೇನಿ, ಅಂತ ಅವುಕ್ಕ ಹೇಳಿದ್ಲು. ನಾನು ಹದಿನಾಕು ವರ್ಷ ಪಾಠ ಮಾಡಿದಾಕಿ ಬಾಯಿ ತಗದು ನಿಂತಿದ್ದೆ.

ಸ್ವಲ್ಪ ಮುಂದ ಹೋಗೂದ್ರಾಗ ಕಿರಣ ಸರ್ ಗುಂಪು ವಾಪಸ್ ಬರಾಕತ್ತಿತ್ತು. ನಕಾಶಾ ಎರಡು ಸಲ ದಾರಿ ತಪ್ಪಿಸಿತ್ತಂತ, ಎಲ್ಲಾರ ಮಾರಿ ಇಳದಿತ್ತು, ಒಬ್ಬರು ಅಲ್ಲೊಬ್ಬರು ಇಲ್ಲೊಬ್ಬರು. ಮೂರು ಹೊಡದೈತಿ, ಇನ್ನ ಮುಂದ ಹೋಗೂದು ಬ್ಯಾಡ, ನನ್ನ ಜೋಡಿ ತಿರಗ್ರಿ, ಅಂದ್ರು. ಅವ್ವ ದಾರಿ ಬಿಟ್ಟು ಬಾಜೂಕ ನಿಂತು, ನೀವು ದಣದೀರಿ, ಹೋಗ್ರಿ, ಅಂತ ಕರದಂಟಿನ ಡಬ್ಬಿ ಅವರ ಕೈಯಾಗ ಕೊಟ್ಲು. ಅವರು ವಿಠೂ ಮಾಮಾನ ಕಡೆ ನೋಡಿದ್ರು. ಅಂವ ಅಂದ, "ಹೇ ಮಾಝೇ ಪಾವ್ಣೆ." ಇವರು ನನ್ನ ಮನಿಗೆ ಬಂದ ಬೀಗರು ಅಂತ. ಕಿರಣ ಸರ್ ಡಬ್ಬಿ ಹಿಡಕೊಂಡು ಕೆಳಗ ಇಳದ್ರು.

ಒರತಿ ಅಂದ್ರ ಏನಿತ್ತು. ಒಂದು ಹಳೇ ಗಿಡದ ಬೇರು, ಅದರ ಬುಡದಾಗ ಹಾವಸಿ ಹಿಡದ ಕಲ್ಲು, ಕಲ್ಲಿನ ಸಂದ್ಯಾಗ ನೀರು. ಸಪ್ಪಳ ಇಲ್ಲ, ಸಿಟ್ಟಿಲ್ಲ. ಎಲಿ ಸರಿಸಿದ್ರ ಹರಿಯೂದು ಕಾಣತಿತ್ತು. ಭಾರತಿ ಮೇಡಂ ಕುಂಕುಮ ಹಚ್ಚಿ ಕಣ್ಣು ಮುಚ್ಚಿದ್ರು, ಅವ್ವ ಅವರದು ಮುಗಿಯೂ ತನಕ ಕಾದ್ಲು. ಆಮ್ಯಾಲ ಬೂಟು ಕಳದು, ಕಚ್ಚಿ ಬಿಗಿಮಾಡಿ, ಬಲಗಾಲು ಎತ್ತಿ ಆ ಕಡೆ ಇಟ್ಲು. ಎಡಗಾಲು ಎತ್ತಿ ಇಟ್ಲು. ಅಷ್ಟ. ಆ ಕಡೆ ನಿಂತು ಹೊಳ್ಳಿ ನೋಡಿ, ನನ್ನ ಎರಡು ಖೋಲಿ ಒಯ್ದದ್ದು ಇದ ಏನು, ಅಂದ್ಲು. ಮತ್ತ ಈ ಕಡೆ ದಾಟಿದ್ಲು. ಮತ್ತ ಆ ಕಡೆ. ಐದು ಸಲ ದಾಟಿರಬೇಕು. ಮೊದಲ ನಕ್ಕೋತ ದಾಟಿದಾಕಿ, ಕಡೀಕ ಅಳಕೋತ ದಾಟಿದ್ಲು. ಮನಿ ಬಿದ್ದಾಗ ಅತ್ತಿರಲಿಲ್ಲ ನಮ್ಮವ್ವ. ನಾನೂ ಅತ್ತೆ, ತಡಕೊಳ್ಳಾಕ ಆಗಲಿಲ್ಲ. ಆಮ್ಯಾಲ ಅದ ನೀರಾಗ ಕೈಗೆ ಹತ್ತಿದ ಸಸಿ ಮಣ್ಣು ತೊಳಕೊಂಡು, ನಡೀರಿ, ಹೊತ್ತ ಇಳಿಯಾಕತ್ತೈತಿ, ಅಂದ್ಲು.

ವರ್ಷಾ ಮಳಿಗಾಲ ಮುಗಿದ ಮ್ಯಾಲ ವಿಠೂ ಮಾಮಾ ಫೋನ್ ಮಾಡ್ತಾನ. ನನ್ನ ಜೋಡಿ ಎರಡ ಮಾತು, ಅವ್ವನ ಜೋಡಿ ಅರ್ಧಾ ತಾಸು. ಮೂವತ್ತೆಂಟರಾಗ ಮೂವತ್ತೊಂದು ಜೀವ ಹಿಡದಾವು, ಹೋದ ಸಲ ಕೆಲವು ಅವನ ಎದಿಮಟ ಬೆಳದಿದ್ವಂತ. ಸತ್ತ ಏಳರ ಲೆಕ್ಕಾನೂ ಅವ್ವ ಬಿಡೂದಿಲ್ಲ. ಒಂದ ಸಲ ಬಂದು ಹಚ್ಚಿ ಹೊಕ್ಕೇನಿ ಅಂತ ಪ್ರತಿ ಸಲಾನೂ ಹೇಳ್ತಾಳ.

ಈ ಶ್ರಾವಣದಾಗ ನೀರು ನಮ್ಮ ಕೆಳಗಿನ ಮೆಟ್ಟಿಲಿಗೆ ಮುಟ್ಟಿದಾಗ ನಾ ಬಾಗಲಿಗೆ ಕೀಲಿ ಹಾಕಿದೆ. ಸಾಲಿ ಕಡೆ ಹೊಂಡೋ ಟ್ರ್ಯಾಕ್ಟರ್ ಒದರಾಕತ್ತಿತ್ತು. ಅವ್ವ ಕಟ್ಟಿಯಿಂದ ಎದ್ದು ಕೆಳಗ ಇಳದ್ಲು. ಕೆಂಪ ನೀರು ಆ ದಂಡಿ ಕಾಣದಂಗ ಹರದಿತ್ತು. ಬಾಜೂ ಮನ್ಯಾಕಿ ಮೊರದಾಗ ಅರಿಷಿಣ ಕುಂಕುಮ ಹಿಡಕೊಂಡು, ನೀನೂ ಒಂದೀಟು ಏರಸ ಬಾರವ್ವಾ, ಸಿಟ್ಟ ಇಳೀಲಿ, ಅಂದ್ಲು. ಅವ್ವ ಬರೇ ಕಾಲಿಲೇ ನೀರಿನ ಅಂಚಿಗೆ ನಿಂತು, ನೀರಿಗೇ ಹೇಳಿದ್ಲು.

"ಎಷ್ಟ ಏರ್ತಿ ಏರು. ನೀ ಹುಟ್ಟೋ ಜಾಗಾ ನೋಡೇನಿ. ಅಲ್ಲಿ ನನ್ನ ಒಂದ ಹೆಜ್ಜಿ ಅಗಲ ಇದ್ದಿ."

ಮ್ಯಾಲ ಬಂದು ಕುರ್ಪಿ ಚೀಲದಾಗ ಹಾಕ್ಕೊಂಡು ಟ್ರ್ಯಾಕ್ಟರ್ ಏರಿದ್ಲು. ನೀರು ಇಳದ ಮ್ಯಾಲ ಹೊಲದಾಗ ಕೆಲಸಾ ಭಾಳ ಇರ್ತೈತಿ ಅಂದ್ಲು.